ದೊರೆಸಾನಿ ಹಿಂದಿನ ಕೋಣೆಗೆ ಹೋದದ್ದು

ಪಾಪುವಿಗೆ ಐವತ್ತು ದಾಟಿದೆ. ತಲೆಯಲ್ಲಿ ಕೂದಲೆಂದು ಕರೆಯಬಹುದಾದದ್ದು ಕಿವಿಗಳ ಮೇಲೆ ಒಂದಿಷ್ಟು ಉಳಿದಿದೆ, ಅಷ್ಟೆ. ಆದರೂ ತೊಟ್ಟಿಲಲ್ಲಿದ್ದಾಗ ಅಕ್ಕ ಕರೆದ ಹೆಸರು ಅವನನ್ನು ಬಿಟ್ಟಿಲ್ಲ. ಕನ್ನಡಕದಂಗಡಿಗೆ ಬರುವ ಗಿರಾಕಿಗಳೂ "ಪಾಪು ಇದ್ದಾರಾ?" ಎಂದೇ ಕೇಳುತ್ತಾರೆ. ಹೊಸಬರು ಯಾರಾದರೂ ಆ ಮಾತು ಕೇಳಿ, ಒಳಗಿನಿಂದ ಕೂಸೊಂದು ಬರುತ್ತದೆಂದು ಮುಖ ಅರಳಿಸಿ ನಿಂತರೆ, ಮೊಣಕೈವರೆಗೆ ಗಾಜಿನ ಪುಡಿ ಮೆತ್ತಿಕೊಂಡ ಕಡ್ಡಿಯಂಥ ಮನುಷ್ಯನೊಬ್ಬ ಪರದೆ ಸರಿಸಿ ಹೊರಗೆ ಬರುತ್ತಾನೆ.

ಅಂಗಡಿ ಅಕ್ಕ ತಮ್ಮ ಇಬ್ಬರದು. ಮುಂದಿನ ಕೋಣೆ ಅಕ್ಕನ ರಾಜ್ಯ. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಎದುರಿನ ಹಲಗೆಯ ಅಕ್ಷರಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಓದಿಸುವವಳು ಅವಳು. ಊಹೆಯ ಮೇಲೆ ಓದುವವರನ್ನು ಕಂಡರೆ ಅವಳಿಗಾಗದು. ಕಾಣಿಸಲ್ಲ ಅನ್ನೋದಕ್ಕೆ ಯಾಕೆ ನಾಚಿಕೆ ಎಂದು ದೊಡ್ಡ ದೊಡ್ಡ ಮನುಷ್ಯರಿಗೂ ಮುಖದ ಮೇಲೆ ಹೇಳಿಬಿಡುತ್ತಾಳೆ. ಹಿಂದಿನ ಕೋಣೆ ಪಾಪುವಿನದು. ಅಲ್ಲಿ ಮಸೂರ ಉಜ್ಜುವ ಯಂತ್ರ, ಅದಕ್ಕೆ ಹನಿಹನಿಯಾಗಿ ನೀರು ಬಿಡುವ ಕೊಳವೆ, ಒಂದು ಸಿಂಕು, ಸಾಸಿವೆ ಕಾಳಿನಷ್ಟು ಸ್ಕ್ರೂಗಳ ಡಬ್ಬಿಗಳು. ಮಹಡಿಯ ಮೇಲೆ ಮನೆ. ಇಬ್ಬರೂ ಮದುವೆಯ ಗೋಜಿಗೆ ಹೋದವರಲ್ಲ. ಅಪ್ಪ ಅಮ್ಮ ಬೇಗ ತೀರಿಕೊಂಡ ಮೇಲೆ, ಹತ್ತು ವರ್ಷ ದೊಡ್ಡವಳಾದ ಅಕ್ಕನೇ ಇವನನ್ನು ಸಾಕಿ, ಕಸುಬು ಕಲಿಸಿ, ಬೈದು ಮನುಷ್ಯನನ್ನಾಗಿ ಮಾಡಿದ್ದಳು.

ಬೈದು ಎಂಬ ಮಾತು ಇಲ್ಲಿ ಮುಖ್ಯ. ಅಕ್ಕನಿಗೆ ಯಾರ ಮೇಲೆ ಪ್ರೀತಿ ಹೆಚ್ಚೋ ಅವರಿಗೆ ಬೈಗುಳವೂ ಹೆಚ್ಚು. ಅಂಗಿಯ ಗುಂಡಿ ತಪ್ಪಾಗಿ ಹಾಕಿದ್ದಕ್ಕೆ, ಊಟ ಬಿಟ್ಟದ್ದಕ್ಕೆ, ಗಿರಾಕಿ ಕೇಳಿದ್ದಕ್ಕೆಲ್ಲ ಹೂಂ ಎಂದು ತಲೆಯಾಡಿಸಿದ್ದಕ್ಕೆ ಪಾಪುವಿಗೆ ದಿನವೂ ಮಂಗಳಾರತಿ ಆಗುತ್ತಿತ್ತು. ಅವನು ಅದನ್ನು ಬಿಸಿನೀರಿನ ಸ್ನಾನದಂತೆ ಸುಖವಾಗಿ ಅನುಭವಿಸುತ್ತಿದ್ದ.

ಅಕ್ಕನ ಬೈಗುಳದಲ್ಲಿ ದೊಡ್ಡ ಪಾಲು ತೊಟ್ಟಿಗೆ ಸಂಬಂಧಿಸಿದ್ದು. ತೊಟ್ಟಿ ಎಂದರೆ ಕುರ್ಚಿಗೂ ಫ್ರೇಮುಗಳ ಗೋಡೆಗೂ ನಡುವೆ ಇದ್ದ ಉಪ್ಪುನೀರಿನ ಅಕ್ವೇರಿಯಂ. ಅದರ ಒಡತಿ ದೊರೆಸಾನಿ. ಕಿತ್ತಳೆ ಬಣ್ಣದ ಮೈಗೆ ಮೂರು ಬಿಳಿ ಪಟ್ಟೆ ಕಟ್ಟಿಕೊಂಡ ಕ್ಲೌನ್ ಮೀನು. ಹೆಬ್ಬೆರಳಿಗಿಂತ ಒಂದಿಷ್ಟು ಉದ್ದ, ಗತ್ತು ಮಾತ್ರ ಆನೆಯಷ್ಟು. ನೀರಿಗೆ ಯಾರು ಕೈ ಹಾಕಿದರೂ ನುಗ್ಗಿ ಬಂದು ಕಚ್ಚುವಳು, ಅನ್ನ ಹಾಕುವ ಅಕ್ಕನನ್ನೂ ಬಿಟ್ಟವಳಲ್ಲ. ಮೊದಲ ಕನ್ನಡಕಕ್ಕೆ ಅಳುತ್ತ ಬಂದ ಮಕ್ಕಳ ಬಾಯಿ ಮುಚ್ಚಿಸುತ್ತಿದ್ದವಳು ಇವಳೇ. ಆ ಮಕ್ಕಳು ಈಗ ಗಡ್ಡ ಬಿಟ್ಟುಕೊಂಡು ಬಂದು, ಇನ್ನೂ ಅದೇ ಮೀನಾ ಎಂದು ಕೇಳುವಷ್ಟು ವಯಸ್ಸು ಅವಳಿಗಾಗಿತ್ತು.

ಕ್ಲೌನ್ ಮೀನಿಗೆ ಮನೆ ಅಂದರೆ ಅನಿಮೋನ್. ಅಕ್ಕ ಅದನ್ನು ಕಡಲ ಹೂ ಎನ್ನುತ್ತಿದ್ದಳು. ನೋಡುವುದಕ್ಕೆ ಹೂವು, ಹುಟ್ಟಿನಿಂದ ಪ್ರಾಣಿ. ಬೆರಳುಗಳಂಥ ಎಸಳುಗಳಿಂದ ಬೇರೆ ಮೀನುಗಳನ್ನು ಕುಟುಕುತ್ತದೆ, ಇವಳನ್ನು ಮಾತ್ರ ಮಡಿಲಿಗೆ ಹಾಕಿಕೊಳ್ಳುತ್ತದೆ. ದೊರೆಸಾನಿಗೂ ಅಂಥದೊಂದು ಹೂ ಇತ್ತು. ಸಂಜೆ ಅಂಗಡಿಯ ದೀಪ ಆರಿಸುವ ಹೊತ್ತಿಗೆ ಅವಳು ಅದರೊಳಗೆ ಹೊರಳಿ ಮೂಗು ಮಾತ್ರ ಹೊರಗಿಟ್ಟು ಮಲಗುವಳು.

ಹೋದ ವರ್ಷದ ಹಿಂದಿನ ವರ್ಷ ಆ ಹೂ ಹೋಯಿತು. ಹೋದದ್ದು ಪಾಪುವಿನಿಂದ.

ಕಣ್ಣಿನ ಕಸುಬಿನವರ ಮನೆಯಲ್ಲಿ ಮಾತ್ರ ಆಗಬಹುದಾದ ತಪ್ಪು ಅದು. ಗಾಜಿನ ಮೇಲೆ ಪಾಚಿ ಕಟ್ಟುತ್ತದೆಂದು ಪಾಪು ಮೀನಂಗಡಿಯಿಂದ ಒಂದು ಹಿಡಿ ಬಸವನಹುಳು ತಂದ. ಮೀನಂಗಡಿಯವನು, ತೊಟ್ಟಿಗೆ ಬಿಡುವ ಮುಂಚೆ ಸ್ವಲ್ಪ ದಿನ ಬೇರೆ ನೀರಲ್ಲಿ ಇಡಿ ಎಂದಿದ್ದ. ಪಾಪುವಿನ ಹತ್ತಿರ ಭೂತಗನ್ನಡಿಯೊಂದಿತ್ತು, ಮಸೂರದ ಮೇಲಿನ ಕೂದಲೆಳೆಯಂಥ ಗೀರನ್ನೂ ಅದು ಬಿಡುತ್ತಿರಲಿಲ್ಲ. ಅವನು ಪ್ರತಿ ಹುಳವನ್ನೂ ಅದರ ಕೆಳಗೆ ತಿರುಗಿಸಿ ಮುರುಗಿಸಿ ನೋಡಿ, ಎಳ್ಳಷ್ಟೂ ಕಲೆಯಿಲ್ಲ ಎಂದು ಘೋಷಿಸಿ ಆ ಸಂಜೆಯೇ ತೊಟ್ಟಿಗೆ ಬಿಟ್ಟ. ಹುಳದ ಚಿಪ್ಪಿಗೆ ಅಂಟಿ ಬರುವ ರೋಗದ ಬೀಜ ಯಾವ ಭೂತಗನ್ನಡಿಗೂ ಹೆದರುವುದಿಲ್ಲವೆಂದು ಅವನಿಗೆ ಗೊತ್ತಾಗುವ ಹೊತ್ತಿಗೆ ಮೀನುಗಳ ಮೈಮೇಲೆಲ್ಲ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದಿತ್ತು. ಒಂದೊಂದಾಗಿ ಮಗುಚಿಕೊಂಡವು. ಕೊನೆಗೆ ದೊರೆಸಾನಿಯೊಬ್ಬಳನ್ನಾದರೂ ಉಳಿಸಿಕೊಳ್ಳೋಣವೆಂದು ಅಕ್ಕ ತೊಟ್ಟಿಗೆ ತಾಮ್ರದ ಔಷಧಿ ಸುರಿದಳು. ಮೀನಿಗೆ ಮದ್ದಾಗುವ ತಾಮ್ರ ಬೆನ್ನುಮೂಳೆ ಇಲ್ಲದ ಜೀವಿಗಳಿಗೆ ವಿಷ. ದೊರೆಸಾನಿ ಬದುಕಿದಳು, ಅವಳ ಹೂ ಅವಳ ಕಣ್ಣೆದುರಿಗೇ ಕರಗಿಹೋಯಿತು.

ಅಕ್ಕ ಬೈಯಲಿಲ್ಲ. ಪಾಪು ಬೈಗುಳಕ್ಕೆ ತಲೆ ತಗ್ಗಿಸಿಕೊಂಡು ನಿಂತೇ ಇದ್ದ, ಅವಳು ಒಂದು ಮಾತೂ ಆಡದೆ ತಾಮ್ರ ಹೀರಿದ ಕಲ್ಲು, ಮರಳನ್ನೆಲ್ಲ ತೆಗೆದು ಎಸೆದು, ಹೊಸ ಕಲ್ಲು, ಹೊಸ ಮರಳು, ಹೊಸ ನೀರು ತುಂಬಿದಳು. ಹೊಸ ಮೀನು ನಾಲ್ಕನ್ನು ತಂದು, ತಿಂಗಳುಗಟ್ಟಲೆ ಬೇರೆ ಇಟ್ಟು, ಆಮೇಲೆ ಬಿಟ್ಟಳು. ಅಂದಿನಿಂದ ಪಾಪು ತೊಟ್ಟಿಗೆ ಕೈ ಹಾಕಿದ್ದಿಲ್ಲ. ಹಾಕಬೇಡ ಎಂದು ಯಾರೂ ಹೇಳಿರಲಿಲ್ಲ. ಗಾಜು ಒರೆಸಲಾ ಅಕ್ಕ ಎಂದು ಕೇಳಿದರೆ, ನಿನ್ನಿಷ್ಟ ಎನ್ನುವಳು. ನೀರು ಬದಲಾಯಿಸುವ ದಿನವಲ್ಲವಾ ಎಂದರೆ, ನಿನ್ನಿಷ್ಟ. ಅಂಗಿಯ ಗುಂಡಿಗೂ ಊಟಕ್ಕೂ ಬೈಗುಳ ಮೊದಲಿನಂತೆಯೇ ಇತ್ತು, ತೊಟ್ಟಿಯ ವಿಷಯದಲ್ಲಿ ಮಾತ್ರ ಈ ಒಂದು ಪದ. ಮನೆಯವನನ್ನು ನೆಂಟನ ಹಾಗೆ ಮರ್ಯಾದೆ ಕೊಟ್ಟು ಕೂರಿಸಿದರೆ ಹೇಗಿರುತ್ತದೋ ಹಾಗಿತ್ತು ಅವನಿಗೆ. ಅವನಿಗೆ ಬೇಕಾಗಿದ್ದದ್ದು ಕ್ಷಮೆಯಲ್ಲ. ತೊಟ್ಟಿಯ ಹೆಸರಿನಲ್ಲಿ ಅಕ್ಕ ಒಮ್ಮೆ ಬಾಯಿತುಂಬ ಬೈದರೆ ಸಾಕಿತ್ತು.

ಹೂ ಹೋದ ಮೇಲೆ ದೊರೆಸಾನಿ ಗಾಜು ಉಜ್ಜುವ ಬ್ರಷ್ಷಿಗೆ ಅಂಟಿಕೊಂಡಳು. ಅಕ್ಕ ಗಾಜು ಉಜ್ಜುವಾಗೆಲ್ಲ ಬಂದು ಅದರ ಎಳೆಗಳಿಗೆ ಮೈ ತಿಕ್ಕುವಳು. ಅದನ್ನು ನೋಡಲಾರದೆ ಅಕ್ಕ ಬ್ರಷ್ಷನ್ನೇ ಕಲ್ಲಿಗೆ ಕಟ್ಟಿ ನೀರಲ್ಲಿ ಬಿಟ್ಟು, ಗಾಜಿಗೆ ಬೇರೆ ಬ್ರಷ್ ತಂದಳು.

ಹೀಗಿರುವಾಗ ಮೀನಂಗಡಿಯವನು ಫೋನು ಮಾಡಿದ. ಯಾರದೋ ತೊಟ್ಟಿಯಲ್ಲಿ ಅನಿಮೋನೊಂದು ತನ್ನಷ್ಟಕ್ಕೆ ಸೀಳಿಕೊಂಡು ಎರಡಾಗಿದೆ, ಅರ್ಧ ನನ್ನ ಹತ್ತಿರ ಬಂದಿದೆ, ನಿಮ್ಮ ಮೀನಿಗೆ ಬೇಕಾ ಎಂದ. ಪಾಪು ಕನ್ನಡಕದ ಫ್ರೇಮೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದ. ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆ ಕಾಲುಚೀಲದ ಮುದ್ದೆಯಂಥದ್ದನ್ನು ತಂದ. ಅದರ ಜೊತೆಗೆ, ಕರೆಯದಿದ್ದರೂ ಬಂದ ನೆಂಟನಂತೆ, ಖಾಲಿ ಶಂಖದೊಳಗೆ ಮನೆ ಮಾಡಿಕೊಂಡ ಪುಟಾಣಿ ಏಡಿಯೂ ಇತ್ತು.

"ಈ ಸಲ ನಾನೇ ನೋಡ್ಕೊಳ್ಳಲಾ ಅಕ್ಕ?" ಎಂದು ಚೀಲ ಎತ್ತಿ ಹಿಡಿದು ಕೇಳಿದ.

ಅಕ್ಕ ಗಿರಾಕಿಯ ಮೂಗಿನ ಮೇಲೆ ಫ್ರೇಮು ಸರಿಮಾಡುತ್ತಿದ್ದಳು. ಚೀಲವನ್ನು ಒಮ್ಮೆ, ತಮ್ಮನನ್ನು ಒಮ್ಮೆ ನೋಡಿದಳು.

"ನಿನ್ನಿಷ್ಟ" ಎಂದಳು.

ಪಾಪು ಹಿಂದಿನ ಕೋಣೆಯಲ್ಲಿ, ಯಂತ್ರದಿಂದ ಆದಷ್ಟು ದೂರ, ಒಂದು ಗಾಜಿನ ಪೆಟ್ಟಿಗೆ ಇಟ್ಟು ಉಪ್ಪುನೀರು ತುಂಬಿದ. ಉಪ್ಪು ಎಷ್ಟಿದೆಯೆಂದು ನೋಡುವ ಉಪಕರಣವೂ ಕಣ್ಣಿಗೆ ಹಿಡಿದು ನೋಡುವಂಥದ್ದೇ, ಚಿಕ್ಕ ದುರ್ಬೀನಿನ ಹಾಗೆ. ಈ ಒಂದು ವಿಷಯದಲ್ಲಾದರೂ ಕಣ್ಣನ್ನು ನಂಬಬಹುದಲ್ಲ ಎಂದು ಅವನಿಗೆ ಸಮಾಧಾನ. ಹೂ ನಡೆದಾಡುವ ಹುಚ್ಚಿನದು, ನೀರು ಸೆಳೆಯುವ ಪಂಪಿಗೆ ಹೋಗಿ ಸಿಕ್ಕಿಕೊಂಡರೆ ಚೂರುಚೂರಾಗುತ್ತದೆ. ಅದಕ್ಕೇ ಪಂಪಿನ ಬಾಯಿಗೆ ಸ್ಪಂಜು ಕಟ್ಟಿದ. ನೀರು ಬೆಚ್ಚಗಿಡುವ ಹೀಟರು ಇಳಿಬಿಟ್ಟು, ಮೇಲೆ ದೀಪ ತೂಗುಹಾಕಿದ.

ಇನ್ನು ಉಳಿದದ್ದು ಕಾಯುವುದು. ಬಿಳಿ ಚುಕ್ಕೆಯ ಬೀಜಕ್ಕೆ ಮೀನಿನ ಮೈ ಸಿಗದಿದ್ದರೆ ಬದುಕಿಲ್ಲ. ಹೂವಿಗೂ ಏಡಿಗೂ ಅದು ಅಂಟುವುದಿಲ್ಲ, ಅವುಗಳ ಮೇಲೆ ಸುಮ್ಮನೆ ಸವಾರಿ ಮಾಡಿಕೊಂಡು ಬರುತ್ತದೆ, ಅಷ್ಟೆ. ಆದ್ದರಿಂದ ಮೀನೇ ಇಲ್ಲದ ನೀರಿನಲ್ಲಿ ಇವನ್ನು ವಾರಗಟ್ಟಲೆ ಇಟ್ಟರೆ ಬೀಜ ಹಸಿದು ತಾನಾಗಿ ಸಾಯುತ್ತದೆ. ಔಷಧಿ ಹಾಕುವ ಹಾಗಿಲ್ಲ. ಬೆನ್ನುಮೂಳೆ ಇಲ್ಲದವರಿಗೆ ಕಾಯುವುದೊಂದೇ ಔಷಧಿ ಎಂದು ಪಾಪು ತನ್ನಷ್ಟಕ್ಕೆ ಹೇಳಿಕೊಂಡು ನಕ್ಕ. ಗಿರಾಕಿಗಳಿಗೆ ಇಲ್ಲ ಎನ್ನಲು ಬಾರದ ಅವನಿಗೆ ಅಕ್ಕ ಇಟ್ಟಿದ್ದ ಬಿರುದೂ ಬೆನ್ನುಮೂಳೆ ಇಲ್ಲದವನು ಎಂದೇ.

ಅವನ ಕಟ್ಟುನಿಟ್ಟು ನೋಡಿ ಬೀದಿಯೇ ಬೆರಗಾಯಿತು. ಹಿಂದಿನ ಕೋಣೆಯ ಬಕೆಟ್ಟು, ಮಗ್ಗು, ಟವೆಲ್ಲುಗಳಿಗೆಲ್ಲ ಕೆಂಪು ಟೇಪು ಅಂಟಿಸಿ, ಅವು ಪರದೆ ದಾಟಕೂಡದೆಂದು ಕಾನೂನು ಮಾಡಿದ. ಹೂವಿನ ನೀರಿಗೆ ಕೈ ಹಾಕಿದ ಮೇಲೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಅಂಗಿ ಬದಲಾಯಿಸಿ, ಆಮೇಲೆಯೇ ಮುಂದಿನ ಕೋಣೆಗೆ ಬರುವನು. ಒಮ್ಮೆ ಅಂಚೆಯವನು ಪರದೆಯತ್ತ ಕೈ ಚಾಚಿದಾಗ, ಒಳಗೆ ಹೊಸಬರನ್ನು ಕ್ವಾರಂಟೈನಿನಲ್ಲಿ ಇಟ್ಟಿದ್ದೀವಿ, ಹೋಗಬೇಡಿ ಎಂದುಬಿಟ್ಟ. ಅಂಚೆಯವನು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಹಿಂದೆ ನಡೆದು ಬಾಗಿಲು ದಾಟಿದ. ಮರುದಿನದಿಂದ ಕಾಗದಗಳು ಹೊಸ್ತಿಲ ಹೊರಗೇ ಬೀಳತೊಡಗಿದವು. ಅಕ್ಕ ಅವನ್ನು ಬಗ್ಗಿ ಎತ್ತಿಕೊಳ್ಳುತ್ತಿದ್ದಳೇ ಹೊರತು ಏನೂ ಅನ್ನಲಿಲ್ಲ. ಪಾಪುವಿಗೆ ಅದೇ ನಿರಾಸೆ.

ಹೂ ಮಾತ್ರ ಅವನ ಕೈ ಬಿಡಲಿಲ್ಲ. ಮೊದಲು ಮುದುಡಿಕೊಂಡು ಮುನಿದಂತಿದ್ದದ್ದು, ಬರಬರುತ್ತ ಗಾಜಿನ ಮೂಲೆಗೆ ಕಾಲೂರಿ, ಹುಷಾರಾದದ್ದರ ಗುರುತಿಗೆ ಬಾಯಿ ಬಿಗಿಯಾಗಿ ಮುಚ್ಚಿ, ಎಸಳು ಬಿಚ್ಚಿತು. ಪಾಪು ಸಿಗಡಿಯನ್ನು ಉಗುರಿನಷ್ಟು ಚೂರು ಮಾಡಿ ಇಕ್ಕಳದ ತುದಿಯಿಂದ ಕೊಟ್ಟರೆ ಮೆಲ್ಲಗೆ ಹಿಡಿದುಕೊಳ್ಳುತ್ತಿತ್ತು. ಏಡಿ ಕೆಳಗೆ ನಿಂತು ಬಿದ್ದದ್ದನ್ನು ಬಾಚಿಕೊಳ್ಳುವುದು. ಮಸೂರ ಉಜ್ಜುವ ಮಧ್ಯೆ ಅವನು ಅದರ ಜೊತೆ ಮಾತಾಡತೊಡಗಿದ. ಆ ಕಡೆ ಒಬ್ಬಳು ಅಜ್ಜಿ ಇದ್ದಾಳೆ, ಸ್ವಲ್ಪ ಜೋರು, ಕಚ್ಚುತ್ತಾಳೆ, ನೀನು ಹೊಂದಿಕೊಂಡು ಹೋಗಬೇಕು ಎಂದೆಲ್ಲ ಹೇಳಿದ.

ಆದರೆ ಆ ಕಡೆಯ ಅಜ್ಜಿ ಬ್ರಷ್ಷಿನ ಪಕ್ಕದಲ್ಲಿ ಓರೆಯಾಗಿ ಮಲಗಲು ಶುರು ಮಾಡಿದಳು. ಮೊದಲು ಬೆಳಗಿನ ಊಟ ಬಿಟ್ಟಳು, ಆಮೇಲೆ ಸಂಜೆಯದನ್ನೂ ಮೂಸಿ ಬಿಟ್ಟಳು. ಮೈಮೇಲೆ ಚುಕ್ಕೆಯಿಲ್ಲ, ಗಾಯವಿಲ್ಲ. ಅಕ್ಕ ಕರೆಸಿದ್ದಕ್ಕೆ ಬಂದ ಮೀನಂಗಡಿಯವನು ಗಾಜಿಗೆ ಮೂಗು ಒತ್ತಿ ನೋಡಿ, ವಯಸ್ಸಾಯಿತಮ್ಮ, ಏನು ಮಾಡುವುದು, ಇಷ್ಟು ವರ್ಷ ಇದ್ದದ್ದೇ ಹೆಚ್ಚು ಎಂದು ಹೇಳಿ ಹೋದ. ಅಕ್ಕ ಗಿರಾಕಿಗಳ ನಡುವೆ ಬಿಡುವಾದಾಗೆಲ್ಲ ತೊಟ್ಟಿಯ ಮುಂದೆ ನಿಲ್ಲತೊಡಗಿದಳು. ಒಬ್ಬರಿಗೆ ಬಲಗಣ್ಣಿನ ಬದಲು ಎಡಗಣ್ಣನ್ನೇ ಎರಡು ಸಲ ಪರೀಕ್ಷೆ ಮಾಡಿದಳು. ಅಂಥದ್ದು ಅವಳ ಜೀವಮಾನದಲ್ಲಿ ಆದದ್ದಿಲ್ಲ.

ಒಂದು ಮಧ್ಯಾಹ್ನ ಅವಳು ಪರದೆ ಸರಿಸಿ ಹಿಂದಿನ ಕೋಣೆಗೆ ಬಂದಳು. ಗಾಜಿನ ಪುಡಿ ಕಣ್ಣಿಗೆ ಆಗದೆಂದು ಅವಳು ಅಲ್ಲಿಗೆ ಬರುವುದೇ ಅಪರೂಪ. ಕೈಯಲ್ಲಿ ಜಗ್ಗು ಇತ್ತು. ಬಗ್ಗಿ ಹೂವನ್ನು ಬಹಳ ಹೊತ್ತು ನೋಡಿದಳು.

"ಎಷ್ಟು ಚೆನ್ನಾಗಿ ಅರಳಿದೆ. ಕಣ್ಣಾರೆ ನೋಡ್ತಿದೀನಲ್ಲ, ಇದರ ಮೇಲೆ ಏನೂ ಇಲ್ಲ. ಇವತ್ತೇ ತೊಟ್ಟಿಗೆ ಹಾಕ್ಬಿಡೋಣ."

ಪಾಪು ಯಂತ್ರ ನಿಲ್ಲಿಸಿದ. ಕಾಯುವ ವಾರಗಳಲ್ಲಿ ಅರ್ಧ ಕೂಡ ಕಳೆದಿರಲಿಲ್ಲ. ತೊಟ್ಟಿಯಲ್ಲಿ ಇನ್ನೂ ನಾಲ್ಕು ಜೀವ ಇದ್ದವು, ಅಕ್ಕನೇ ಜೋಪಾನ ಮಾಡಿ ತಂದವು. ಹೂಂ ಅಂದರೆ ಅಕ್ಕನ ಮುಖ ಅರಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಅವಳಿಗೆ ಬೇಡ ಎಂದವನಲ್ಲ.

"ಬೇಡ ಅಕ್ಕ" ಎಂದ. "ಆವತ್ತು ನಾನೂ ಕಣ್ಣಾರೆ ನೋಡಿದ್ದೆ."

ಅಕ್ಕ ನೆಟ್ಟಗಾದಳು. "ಅಷ್ಟು ದಿನ ಅವಳು ಇರಲ್ಲ ಪಾಪು" ಎಂದಳು.

ಅವಳು ಹೇಳಿದ್ದು ನಿಜವೆಂದು ಅವನಿಗೂ ಗೊತ್ತು. ಆದರೂ ಹೂಂ ಎನ್ನದ ತಮ್ಮನಿಗೆ ಅಕ್ಕ ನಿನ್ನಿಷ್ಟ ಎಂದು ಹೇಳಿ, ಜಗ್ಗನ್ನು ಸಿಂಕಿನ ಪಕ್ಕ ಇಟ್ಟು ಹೋದಳು.

ಪಾಪು ಆಮೇಲೆ ಉಜ್ಜಿದ ಮಸೂರಗಳೆಲ್ಲ ಕೆಟ್ಟವು. ಒಂದನ್ನು ಮಾಡಲು ಹೋಗಿ ಮೂರನ್ನು ಕಸಕ್ಕೆ ಹಾಕಿದ. ಹಾಕಿದರೂ ತಪ್ಪು, ಹಾಕದಿದ್ದರೂ ತಪ್ಪು. ಹಾಕಿ ನಾಲ್ಕು ಮೀನು ಸತ್ತರೆ ಅಕ್ಕ ಇನ್ನೆಂದೂ ಬೈಯುವುದಿಲ್ಲ. ಹಾಕದೆ ದೊರೆಸಾನಿ ಸತ್ತರೂ ಬೈಯುವುದಿಲ್ಲ. ಅಕ್ಕನ ಆ ಒಂದು ಪದ ಇನ್ನು ಸಾಯುವತನಕ ತನ್ನ ಪಾಲಿಗೆ ಗಟ್ಟಿ ಎಂದುಕೊಂಡು ಅವನು ತಲೆಯ ಮೇಲೆ ಕೈಹೊತ್ತು ಕೂತ.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಕಾರು ನಿಂತಿತು. ಒಳಗೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಮುದುಕರೊಬ್ಬರು ಇದ್ದರು. ಇಳಿದು ಬಂದು ಎತ್ತರದ ಕುರ್ಚಿ ಹತ್ತುವುದು ಅವರಿಂದ ಆಗದ ಮಾತು. ಅಕ್ಕ ಮೀನಮೇಷ ಎಣಿಸಲಿಲ್ಲ. ಗೋಡೆಯಿಂದ ಅಕ್ಷರದ ಹಲಗೆಯನ್ನು ಬಿಚ್ಚಿ, ಪಾಪುವಿನ ಕೈಗೆ ಕೊಟ್ಟು, ರಸ್ತೆಯಲ್ಲಿ ಅಳತೆಯಷ್ಟು ದೂರ ನಿಲ್ಲಿಸಿ, ಕಾರಿನ ಕಿಟಕಿಯಿಂದಲೇ ಮುದುಕರಿಗೆ ಓದಿಸಿದಳು. ಅಂಗಡಿಯಲ್ಲಿ ಎಷ್ಟೋ ಸಲ ಹೀಗೆ ಮಾಡಿದ್ದಾರೆ. ಎದೆಯ ಮೇಲೆ ಹಲಗೆ ಹಿಡಿದುಕೊಂಡು, ಬಂದು ಹೋಗುವ ಸೈಕಲ್ಲುಗಳಿಗೆ ದಾರಿ ಬಿಡುತ್ತ ನಿಂತಿದ್ದ ಪಾಪುವಿಗೆ ಇದ್ದಕ್ಕಿದ್ದಂತೆ ಹೊಳೆಯಿತು. ಹೂವನ್ನು ದೊರೆಸಾನಿಯ ಹತ್ತಿರ ತರುವ ಹಾಗಿಲ್ಲ. ಆದರೆ ದೊರೆಸಾನಿ ಹೂವಿನ ಹತ್ತಿರ ಹೋಗಬಹುದಲ್ಲ.

ಮುದುಕರು ಹೋದ ಮೇಲೆ ಅಕ್ಕನಿಗೆ ಹೇಳಿದ. ದೊರೆಸಾನಿಯನ್ನು ಹಿಂದಿನ ಕೋಣೆಗೆ ಒಯ್ಯೋಣ. ಹೂವಿನ ಮೇಲೆ ಬೀಜ ಇದ್ದರೆ ಅದು ಅವಳೊಬ್ಬಳಿಗೇ ಅಂಟುತ್ತದೆ, ನಾಲ್ಕು ಮೀನಿಗೆ ಏನೂ ಆಗುವುದಿಲ್ಲ. ಇಲ್ಲದಿದ್ದರೆ ಒಳ್ಳೆಯದೇ ಆಯಿತು. ಹೇಗೂ ಅವಳಿಗೆ ಉಳಿದಿರುವುದು ಕೆಲವು ದಿನಗಳಾದರೆ, ಆ ದಿನಗಳನ್ನು ಬ್ರಷ್ಷಿನ ಪಕ್ಕದಲ್ಲಿ ಯಾಕೆ ಕಳೆಯಬೇಕು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಕಷ್ಟದ ಮಾತನ್ನು ಕೊನೆಗೆ ಹೇಳಿದ.

"ಆದರೆ ಅಕ್ಕ, ಹೋದರೆ ಅವಳು ವಾಪಸ್ ಬರೋ ಹಾಗಿಲ್ಲ. ಮೀನು ಇರೋ ನೀರಲ್ಲಿ ಬೀಜ ಸಾಯಲ್ಲ. ಇನ್ಮೇಲೆ ಅವಳು ನನ್ನ ಕೋಣೆಯಲ್ಲೇ ಇರಬೇಕಾಗತ್ತೆ."

ಅಕ್ಕ ತೊಟ್ಟಿಯ ಕಡೆ ತಿರುಗಿದಳು. ಅವಳು ದಿನಕ್ಕೆ ನೂರು ಸಲ ತಲೆ ಎತ್ತಿ ನೋಡುತ್ತಿದ್ದದ್ದು ಆ ಗಾಜಿನ ಕಡೆಗೆ. ಕುರ್ಚಿಯನ್ನು ಆ ಜಾಗದಲ್ಲಿ ಹಾಕಿಸಿದ್ದೇ ದೊರೆಸಾನಿ ಕಾಣಲೆಂದು. ಅವಳನ್ನು ಕೊಟ್ಟುಬಿಡುವುದು, ಅದೂ ಒಂದು ಸಲ ಎಲ್ಲವನ್ನೂ ಕಳೆದವನ ಕೈಗೆ ಕೊಡುವುದು, ಎಷ್ಟು ದೊಡ್ಡ ಮಾತೆಂದು ಪಾಪುವಿಗೆ ಗೊತ್ತಿತ್ತು. ನಿನ್ನಿಷ್ಟ ಎಂದುಬಿಡುತ್ತಾಳೆ ಎಂದು ಹೆದರಿ ಅವನು ಅವಳ ಬಾಯಿಯನ್ನೇ ನೋಡುತ್ತ ನಿಂತ. ಅವಳು ಅದನ್ನು ಹೇಳಲಿಲ್ಲ. ಹೊರಗೆ ಹೋಗಿ, ಬಾಗಿಲಿಗೆ "ಈಗ ಬರುತ್ತೇವೆ" ಎಂಬ ಹಲಗೆ ತೂಗುಹಾಕಿ ಬಂದು, ತೋಳು ಮೇಲೆ ಮಾಡಿಕೊಂಡಳು.

ಹೊಸ ಜಗ್ಗು ತಂದಳು. ಕೈ ನೀರಿಗೆ ಇಳಿಸಿದಳು. ದೊರೆಸಾನಿ ಬ್ರಷ್ಷಿನ ಬುಡದಲ್ಲಿ ಓರೆಯಾಗಿದ್ದಳು, ಕಿವಿರು ಬೇಗಬೇಗ ಆಡುತ್ತಿತ್ತು. ಸಾವಿರಾರು ಜನರ ಕಣ್ಣಿನ ಹತ್ತಿರ ಅಲುಗದೆ ನಿಂತಿದ್ದ ಅಕ್ಕನ ಕೈ ನೀರಿನಲ್ಲಿ ನಡುಗಿತು. ನೀರು ಕದಡಿ ಮೀನು ಬೆಚ್ಚಿತು. ಅಕ್ಕ ಕೈ ಹಿಂದೆ ತೆಗೆದಳು.

"ನನ್ನಿಂದಾಗಲ್ಲ" ಎಂದಳು. "ನೀನೇ ಹಿಡಿ."

ಪಾಪು ಕೈ ತೊಳೆದ. ಮತ್ತೊಮ್ಮೆ ತೊಳೆದ. ಆ ತೊಟ್ಟಿಯ ನೀರು ಎಷ್ಟು ಬೆಚ್ಚಗಿರುತ್ತದೆಂಬುದೇ ಅವನಿಗೆ ಮರೆತುಹೋಗಿತ್ತು. ಬೆರಳುಗಳನ್ನು ಕಲ್ಲಿನ ಪಕ್ಕದಿಂದ ಮೆಲ್ಲಗೆ ತಂದು ಜಗ್ಗಿನ ಬಾಯಿಯ ಕಡೆ ಅವಳನ್ನು ತಳ್ಳುವಷ್ಟರಲ್ಲಿ, ಸಾಯುವಂತಿದ್ದ ದೊರೆಸಾನಿ ತಿರುಗಿ ಅವನ ಹೆಬ್ಬೆರಳಿನ ಬುಡ ಕಚ್ಚಿದಳು. ನೋವೇನೂ ಆಗಲಿಲ್ಲ. ಆದರೆ ಇನ್ನೂ ಇಷ್ಟು ಸೊಕ್ಕು ಉಳಿದ ಜೀವ ಅಷ್ಟು ಸುಲಭವಾಗಿ ಹೋಗುವುದಿಲ್ಲವೆಂದು ಪಾಪುವಿನ ಕಣ್ಣು ತುಂಬಿ ಬಂತು. ಕಚ್ಚಿದಳು ನೋಡಕ್ಕ ಎಂದು ಮಾತ್ರ ಹೇಳಿದ. ಅಕ್ಕನೂ ಸೆರಗಿನಿಂದ ಮುಖ ಒರೆಸಿಕೊಂಡಳು.

ಜಗ್ಗು ಪರದೆ ದಾಟಿತು. ಹಿಂದೆಯೇ ಅಕ್ಕ, ಕೈಯಲ್ಲಿ ಮುಂದಿನ ಕೋಣೆಯ ಸ್ಟೂಲು. ಪಾಪು ಹೂವಿನ ಪೆಟ್ಟಿಗೆಯ ನೀರನ್ನು ತೆಳ್ಳನೆಯ ಕೊಳವೆಯಿಂದ ಜಗ್ಗಿಗೆ ಹನಿಹನಿಯಾಗಿ ಬಿಟ್ಟ, ಹೊಸ ನೀರಿನ ಬಿಸಿಗೂ ಉಪ್ಪಿಗೂ ಅವಳ ಮೈ ಒಗ್ಗಲೆಂದು. ಮಸೂರದ ಯಂತ್ರಕ್ಕೆ ನೀರು ಹನಿಸುವ ಕೆಲಸದಲ್ಲಿ ಪಳಗಿದ ಕೈ, ಅವಸರ ಮಾಡಲಿಲ್ಲ. ಆಮೇಲೆ ಜಗ್ಗನ್ನು ಓರೆ ಮಾಡಿ ಅವಳನ್ನು ಬಿಟ್ಟ.

ದೊರೆಸಾನಿ ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. ಹೀಟರಿನ ಹಿಂದೆ ಹೋಗಿ ಮೂಲೆ ಹಿಡಿದಳು. ಏಡಿ ತನ್ನ ಶಂಖ ಎಳೆದುಕೊಂಡು ಹೋಗಿ ಅವಳನ್ನು ಒಂದು ಸುತ್ತು ನೋಡಿ ಬಂತು. ಅಕ್ಕ ಸ್ಟೂಲಿನ ಮೇಲೆ, ಪಾಪು ನೆಲದ ಮೇಲೆ. ಹೊರಗೆ ಯಾರೋ ಬಾಗಿಲು ತಟ್ಟಿ, ಹಲಗೆ ಓದಿಕೊಂಡು ಹೋದರು. ಮರೆತುಬಿಟ್ಟಿದ್ದಾಳೆ, ಇಷ್ಟು ದಿನ ಆದ ಮೇಲೆ ಮರೆಯದೆ ಏನು ಎಂದು ಅಕ್ಕ ಮೆಲ್ಲಗೆ ಅಂದಳು. ಪಾಪುವಿಗೂ ಹಾಗೇ ಅನ್ನಿಸಿತ್ತು.

ಅಷ್ಟರಲ್ಲಿ ದೊರೆಸಾನಿ ಹೀಟರಿನ ಹಿಂದಿನಿಂದ ಹೊರಗೆ ಬಂದಳು. ಓರೆ ಓರೆಯಾಗಿಯೇ ಈಜಿ, ಹೂವಿನ ಎದುರಿಗೆ ನಿಂತಳು. ಬಾಲದ ತುದಿಯನ್ನು ಒಂದು ಎಸಳಿಗೆ ತಾಗಿಸಿ, ಕುಟುಕಿಸಿಕೊಂಡು, ಹಾರಿ ಹಿಂದೆ ಸರಿದಳು. ಮತ್ತೆ ಬಂದು ಹೊಟ್ಟೆ ತಾಗಿಸಿದಳು. ಮತ್ತೆ ಸರಿದಳು. ಪ್ರತಿ ಸಲವೂ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಕೊನೆಗೆ ಮೈಯನ್ನು ಒಮ್ಮೆ ಉದ್ದಕ್ಕೆ ಅಲುಗಿಸಿ ಎಸಳುಗಳ ನಡುವೆ ನುಗ್ಗಿದಳು. ಹೂ ಅವಳ ಮೇಲೆ ಮುಚ್ಚಿಕೊಂಡು ಮತ್ತೆ ನಿಧಾನ ಬಿಚ್ಚಿತು. ಅವಳು ಅದರ ನಡುವೆ ನೆಟ್ಟಗೆ ನಿಂತಿದ್ದಳು, ಮೂಗು ಮಾತ್ರ ಹೊರಗೆ.

ಬಿಳಿ ಚುಕ್ಕೆ ಬರುತ್ತದೋ ಇಲ್ಲವೋ, ಅವಳು ಎಷ್ಟು ದಿನ ಇರುತ್ತಾಳೋ, ಇಬ್ಬರಿಗೂ ಗೊತ್ತಿರಲಿಲ್ಲ. ಅದು ಕಣ್ಣಿಗೆ ಕಾಣುವ ವಿಷಯವಲ್ಲ. ಕಾಣುತ್ತಿದ್ದದ್ದು ಆ ಮೂಗು.

ಆಮೇಲೆ ಅಕ್ಕ ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ದೀಪವನ್ನು ನೋಡಿದಳು. ಹೀಟರನ್ನು ನೋಡಿದಳು. ಯಂತ್ರದ ಕಡೆ ನೋಡಿದಳು.

"ಅಲ್ವೋ, ಆ ದೀಪನ ಯಾವ ಬುದ್ಧಿವಂತ ಅಷ್ಟು ಮೇಲೆ ಕಟ್ಟಿದ್ದು? ಹೀಟರ್ ಹೂವಿಗೆ ತಾಗೋ ಹಾಗಿದೆ, ಸುಟ್ಟರೆ ಏನು ಮಾಡ್ತೀಯ? ಈ ಗಾಜಿನ ಪುಡಿ ನೀರಿಗೆ ಬೀಳಲ್ವಾ, ಮೇಲೆ ಒಂದು ಮುಚ್ಚಳ ಹಾಕ್ಬೇಕು ಅಂತ ಗೊತ್ತಾಗಲ್ವಾ? ಅವಳು ಮಲಗೋ ಹೊತ್ತಲ್ಲಿ ಆ ಮೆಷಿನ್ ಗರಗರ ಅನ್ನಿಸಿದ್ರೆ ನೋಡು. ಕೆಂಪು ಟೇಪು ಅಂತೆ, ಕೆಂಪು ಟೇಪು. ಬೀದೀಗೆಲ್ಲ ಹಚ್ಚಿದೀಯ, ಪೆಟ್ಟಿಗೆ ಮೂಲೆಯಲ್ಲಿ ನೀರು ಜಿನುಗ್ತಿರೋದು ಕಾಣಿಸಲಿಲ್ವಾ ಈ ಕಣ್ಣಿಗೆ?"

ಪಾಪು ನೆಲದ ಮೇಲೆ ಕೂತಲ್ಲೇ ಮೊಣಕಾಲಿಗೆ ಮುಖ ಒತ್ತಿಕೊಂಡ. ಅವನ ಬೆನ್ನು ಅಲುಗುತ್ತಿತ್ತು.

"ನಗ್ತಿದೀಯೇನೋ?" ಎಂದಳು ಅಕ್ಕ.

"ಇಲ್ಲಕ್ಕ" ಎಂದ ಪಾಪು, ಮುಖ ಎತ್ತದೆ. "ನೀನು ಹೇಳು."

ಅಕ್ಕ ಸ್ಟೂಲನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಂಡಳು. ಅವಳಿಗೆ ಹೇಳುವುದು ಇನ್ನೂ ಬಹಳ ಇತ್ತು.